ಹಳೇ ತೊಟ್ಟಿ ಮನೆಗೆ ಬಲೆ ಯಾಕೆ, ಕೋತಿ ಕಾಟಕ್ಕಾ ಅಂದ್ರಲ್ಲ

ಕೋತಿ ಕಾಟಕ್ಕಲ್ಲ, ಊಜಿ ನೊಣಕ್ಕೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳೇ ಮನೆಯ ತೊಟ್ಟಿ ಮೇಲೆ, ಕಿಟಕಿಗೆಲ್ಲ ನೈಲಾನ್ ಬಲೆ ಕಂಡರೆ ಅಲ್ಲಿ ರೇಷ್ಮೆ ಹುಳ ಸಾಕಿದ್ದಾರೆ ಅಂತಲೇ ಲೆಕ್ಕ. ಈ ನೊಣ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಲ್ಲಿ ನೂಲು ಬಿಚ್ಚೋಕೆ ಆಗಲ್ಲ. ಆಕಾಶಕ್ಕೆ ಬಾಯಿ ತೆರೆದಿದ್ದ ತೊಟ್ಟಿಗೆ ಬಲೆ ಬಿದ್ದಿದ್ದು ಹಾಗೆ.

ಮನೆ ಕಟ್ಟಿದ್ದು ಮಾತ್ರ ಹುಳಕ್ಕಲ್ಲ, ರಾಗಿಗೆ, ದನಕ್ಕೆ. ದಪ್ಪ ಮಣ್ಣಿನ ಗೋಡೆ. ಮಾಳಿಗೆಗೆ ತೊಲೆ, ಅದರ ಮೇಲೆ ಕಡ್ಡಿ, ಬಂದರೆ ಅನ್ನೋ ಗಿಡದ ಸೊಪ್ಪು, ಮಣ್ಣು, ಮೇಲೆ ನೀರು ಇಳಿಯದ ಹಾಗೆ ಚೌಳು ಮಣ್ಣು. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಆಮೇಲೆ ತೊಟ್ಟಿ, ಸುತ್ತ ಪಡಸಾಲೆ. ರಾಗಿ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅದರ ಬಾಯಿ ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಉಸಿರಾಡೋ ಗಾಳಿ ಇರಲ್ಲ, ಮೊದಲು ದೀಪ ಇಳಿಸಿ ಆರುತ್ತದಾ ಅಂತ ನೋಡುತ್ತಿದ್ದರು.

ಈ ಗೋಡೆಯ ತಂಪೇ ಹುಳಕ್ಕೂ ಸರಿಹೋಯಿತು. ಪಡಸಾಲೆ ತುಂಬ ಹುಳ ಸಾಕುವ ತಟ್ಟೆ ಬಂತು, ಮನೆಯವರು ಜಗಲಿಗೆ ಬಂದರು! ಹುಳ ಪೊರೆ ಬಿಡೋದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತಾಗ ಹಿಪ್ಪುನೇರಳೆ ಸೊಪ್ಪು ಬೇಡ, ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಹಾಕಿದರೂ ಸಾಲದು, ರಾತ್ರಿಯೆಲ್ಲ ಮಳೆ ಹನಿದ ಹಾಗೆ ಮೇಯುವ ಸದ್ದು. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟಿಗೆ, ಬಿಡೋ ದಿನ ಶಾಲೆಗೆ ಹೋಗೋ ಮಕ್ಕಳೂ ಮನೆಯಲ್ಲೇ. ಮಾತೆಲ್ಲ ತೆಲುಗಲ್ಲಿ, ಗೋಡೆ ಮೇಲೆ ಇದ್ದಿಲಲ್ಲಿ ಬರೆದ ಗೂಡಿನ ಲೆಕ್ಕ ಕನ್ನಡದಲ್ಲಿ. ಆಂಧ್ರ ಗಡಿಯ ಊರಲ್ಲಿ ಇದೇನು ವಿಶೇಷ ಅಲ್ಲ ಬಿಡಿ.

ರೇಷ್ಮೆ ಬಂದು ಹಳೇ ಮನೆ ಕೆಟ್ಟಿತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಗೂಡಿನ ದುಡ್ಡು ಬಂದಿದ್ದಕ್ಕೇ ಮಾಳಿಗೆಗೆ ಮಣ್ಣು ಬಿತ್ತು, ವರ್ಷಾವರ್ಷ ಸುಣ್ಣ ಕಂಡಿತು. ಕೆಟ್ಟಿದ್ದು ಹುಳ ಹೊರಗೆ ಹೋದ ಮೇಲೆ. ಈಗ ರೆಂಬೆ ಸಮೇತ ಸೊಪ್ಪು ಹಾಕುತ್ತಾರೆ, ಅದಕ್ಕೆ ಉದ್ದುದ್ದ ಸ್ಟ್ಯಾಂಡ್ ಬೇಕು. ಕಂಬ ಅಡ್ಡ ಬರುವ, ತಲೆ ಬಗ್ಗಿಸಿ ನುಗ್ಗುವ ಮನೆಯಲ್ಲಿ ಅದು ಹಿಡಿಯಲ್ಲ. ಸಬ್ಸಿಡಿಯೂ ಸಿಗುತ್ತದೆ, ತೋಟದಲ್ಲೇ ಶೆಡ್ ಎದ್ದಿತು. ಹಳೇ ಮನೆಯಲ್ಲಿ ಈಗ ಡ್ರಿಪ್ ಪೈಪು, ಟೊಮ್ಯಾಟೊ ಕ್ರೇಟು, ಹಬ್ಬಕ್ಕೊಮ್ಮೆ ದೇವರ ಪೂಜೆ.

ನೋಡೋಕೆ ಬರುವುದಾದರೆ ಸೆಂಟು ಹಾಕಿಕೊಂಡು ಬರಬೇಡಿ, ಹುಳಕ್ಕೆ ಆ ವಾಸನೆ ಆಗಲ್ಲ. ಹಳೇ ಮನೆಯಲ್ಲೇ ಹುಳ ಮೇಯಿಸುವವರು ಇನ್ನೂ ಇದ್ದಾರೆ, ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ.