ಹುಲಿಗಿಗೆ ಹೋಗಬೇಡ, ತಂಗಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಂಧನೂರು ಕಡೆಯ ಹೆಣ್ಣುಮಗಳು ಬರೆದದ್ದು. ಅವಳು ಗೆಳತಿಯ ನಂಬರ್ ಕೊಟ್ಟಿದ್ದಳು. ಹೇಳಬೇಕಾದ ಮುಖ್ಯ ಮಾತನ್ನು ಅಂಕಣ ಅಚ್ಚಾಗುವ ಮೊದಲೇ ಅಲ್ಲಿಗೆ ತಿಳಿಸಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಅವಳಿಗಿಂತ ಜಾಸ್ತಿ ಅವಳ ಸುತ್ತಲಿನವರು ಓದಬೇಕು.

ಅವಳಿಗೆ 29 ವರ್ಷ. ಸೋದರಮಾವನ ಮಗನನ್ನೇ ಮದುವೆಯಾಗಿ ಎಂಟು ವರ್ಷವಾಯಿತು. ಇಬ್ಬರು ಮಕ್ಕಳು. ಗಂಡ ಹೊಲ ಗುತ್ತಿಗೆ ಹಿಡಿದು ಭತ್ತ ಹಾಕಿದ. ಎರಡನೇ ಬೆಳೆಗೆ ನೀರು ಸಿಗಲಿಲ್ಲ, ಸಾಲ ಬೆಳೆಯಿತು. ಕುಡಿತ, ಅನುಮಾನ, ಹೊಡೆತ. ಫೋನ್ ಕಸಿದುಕೊಂಡು ಯಾರ ಜೊತೆ ಮಾತಾಡಿದೆ ಅಂತ ನೋಡುವುದು. ಹೊಲಿಗೆ ಕೆಲಸ ಬಿಡಿಸಿದ್ದು. ಮೂರು ವಾರದ ಹಿಂದೆ ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಈಗ ಗಂಡ ಕುಡಿತ ಬಿಟ್ಟು ತಣ್ಣಗಾಗಿದ್ದಾನಂತೆ. ಬರುವ ಹುಣ್ಣಿಮೆಗೆ ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿರುವ ಹುಲಿಗೆಮ್ಮನ ಗುಡಿಗೆ ‘ಮಕ್ಕಳನ್ನ ಕರ್ಕೊಂಡು ನೀನೊಬ್ಬಳೇ ಬಾ, ಹುಲಿಗೆಮ್ಮನ ಮುಂದೆ ಕೊನೆ ಸಲ ಕೂತು ಮಾತಾಡೋಣ’ ಎಂದು ಹೇಳಿಕಳಿಸಿದ್ದಾನೆ. ಮಾವ ಹೋಗು ಅನ್ನುತ್ತಿದ್ದಾರೆ. ತಾಯಿಗೆ ಅಣ್ಣನ ಮಾತು ಮೀರುವ ಧೈರ್ಯವಿಲ್ಲ. ‘ಅಕ್ಕಾ, ಹೋಗಲಾ ಬೇಡವಾ?’ ಇಷ್ಟು ಪ್ರಶ್ನೆ.

ತಂಗಿ, ಸಾಲದ ಲೆಕ್ಕಕ್ಕೆ ಎರಡು ಪುಟ ಕೊಟ್ಟಿದ್ದೀಯ. ಮಾವ ಬೇಜಾರಾದರೆ ಅಮ್ಮನ ಗತಿ ಏನು ಅನ್ನುವುದಕ್ಕೆ ಒಂದು ಪುಟ. ಸಹಿ ಹಾಕಿದ ಮೇಲೆ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯ: ‘ನಾನಂತೂ ಇರಂಗಿಲ್ಲ, ನಿಮ್ಮನ್ನೂ ಬಿಟ್ಟು ಹೋಗಂಗಿಲ್ಲ ಅಂತ ಎರಡು ಸಲ ಅಂದಿದ್ದರು, ಸಿಟ್ಟಿನಾಗ. ಒಮ್ಮೆ ಕುತ್ತಿಗೆ ಹಿಡಿದಿದ್ದರು, ಆಮೇಲೆ ಅವರೇ ಅತ್ತರು.’

ನಿನ್ನ ಪತ್ರ ಇರುವುದೇ ಆ ಅಂಚಿನಲ್ಲಿ. ಉಳಿದದ್ದೆಲ್ಲ ಆಮೇಲೆ.

‘ಸಾಯ್ತೀನಿ’ ಅನ್ನುವುದು ಒಂದು ಮಾತು. ‘ನಿಮ್ಮನ್ನೂ’ ಅನ್ನುವುದು ಬೇರೆಯೇ ಮಾತು. ಮೊದಲನೆಯದರಲ್ಲಿ ಅವನ ನೋವಿದೆ. ಎರಡನೆಯದರಲ್ಲಿ ನೀನು, ನಿನ್ನ ಮಕ್ಕಳು ಅವನ ಸಾಮಾನಿನ ಗಂಟಿನಲ್ಲಿ ಸೇರಿಬಿಟ್ಟಿದ್ದೀರಿ. ಹೆಂಡತಿ ಮಕ್ಕಳಿಗೆ ಅವರದೇ ಆದ ಬದುಕಿದೆ, ನಾನಿಲ್ಲದಿದ್ದರೂ ಅವರು ಬಾಳಬಹುದು ಅನ್ನುವುದು ಆ ಹೊತ್ತಿನಲ್ಲಿ ಅವನಿಗೆ ಕಾಣುತ್ತಿಲ್ಲ. ಹೆಂಡತಿಯನ್ನು ಕೊಂದು ತಾನೂ ಸಾಯುವ ಗಂಡಸರ ಬಗ್ಗೆ ಅಧ್ಯಯನ ಮಾಡಿದವರಿಗೆ ಮತ್ತೆ ಮತ್ತೆ ಸಿಕ್ಕಿರುವುದು ಈ ಎರಡರ ಜೋಡಿ: ಒಂದು ಕಡೆ ಖಿನ್ನತೆ, ಸೋಲು, ನಾಚಿಕೆ. ಇನ್ನೊಂದು ಕಡೆ ‘ಇವಳು ನನ್ನವಳು’ ಅನ್ನುವ ಹಿಡಿತ. ಖಿನ್ನತೆ ಇರುವ ಬಹಳಷ್ಟು ಜನ ಯಾರಿಗೂ ಕೈ ಎತ್ತುವುದಿಲ್ಲ. ಹಿಡಿತ ಅದರ ಜೊತೆ ಸೇರಿದಾಗ ಭಯಪಡಬೇಕು.

ಅಮೆರಿಕದಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸ್ ಇದ್ದಾರೆ. ಹೊಡೆತ ತಿಂದು ಬರುವ ಹೆಂಗಸರಲ್ಲಿ ಯಾರ ಜೀವಕ್ಕೆ ಅಪಾಯವಿದೆ ಎಂದು ತಿಳಿಯಲು 1985ರಲ್ಲಿ ಅವರು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಆಮೇಲೆ ಅಲ್ಲಿಯ 11 ನಗರಗಳಲ್ಲಿ ಅವರ ತಂಡ ಇಂಥ ಕೊಲೆಗಳನ್ನು ಒಂದೊಂದಾಗಿ ಪರಿಶೀಲಿಸಿತು. ಕೊಂದೇನು ಅಂತ ಹೆದರಿಸಿದ್ದು, ಹೆಜ್ಜೆಹೆಜ್ಜೆಗೂ ಕಾವಲು ಕಾದದ್ದು, ಅವಳು ಬಿಟ್ಟು ಹೋದದ್ದು, ಅವನ ಕೆಲಸ ಹೋದದ್ದು ಅಪಾಯದ ಗುರುತುಗಳಾಗಿ ಎದ್ದು ಕಂಡವು. ಕೊಂದು ತಾನೂ ಸತ್ತ ಪ್ರಕರಣಗಳಲ್ಲಿ ಬೇರೆಯಾಗಿ ಎದ್ದು ಕಂಡದ್ದು ಏನು ಗೊತ್ತಾ? ಅವನು ಮೊದಲೇ ಸಾಯ್ತೀನಿ ಅಂದಿದ್ದ. ಈ ಅಂಕಣ ಶುರುವಾದಾಗಿನಿಂದ ನಾನು ಹೇಳುತ್ತಲೇ ಇದ್ದೇನೆ, ಸಾಯ್ತೀನಿ ಅಂದವರ ಮಾತನ್ನು ಸುಮ್ನೆ ಬಿಡಬೇಡಿ ಅಂತ. ಈ ಸಲ ಅದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಕುತ್ತಿಗೆಯ ವಿಷಯ. ಅದೇ ನಗರಗಳ ಮಾಹಿತಿ ಇಟ್ಟುಕೊಂಡು 2008ರಲ್ಲಿ ಇನ್ನೊಂದು ಲೆಕ್ಕ ಬಂತು. ಗಂಡ ಒಮ್ಮೆಯಾದರೂ ಕುತ್ತಿಗೆ ಹಿಸುಕಿದ್ದರೆ, ಮುಂದೆ ಅವಳು ಅವನ ಕೈಯಲ್ಲೇ ಸಾಯುವ ಅಪಾಯ ಸುಮಾರು 7 ಪಟ್ಟು ಜಾಸ್ತಿ. ಗಾಯ ಕಾಣದೆ ಇರಬಹುದು. ಅವನು ಆಮೇಲೆ ಅತ್ತಿರಬಹುದು. ಅಳು ನಿಜವೇ ಇರಬಹುದು, ನಾನು ಸುಳ್ಳು ಅನ್ನುವುದಿಲ್ಲ. ಆದರೆ ಉಸಿರು ನಿಲ್ಲಿಸುವ ಜಾಗ ಎಲ್ಲಿದೆ ಎಂದು ಆ ಕೈಗೆ ಗೊತ್ತಾಗಿದೆ. ಆವತ್ತಿನಿಂದ ದನಿ ಬದಲಾಗಿದ್ದರೆ, ನುಂಗಲು ಕಷ್ಟವಿದ್ದರೆ, ತಲೆಸುತ್ತು ಇದ್ದರೆ ಡಾಕ್ಟರಿಗೆ ತೋರಿಸು. ಕುತ್ತಿಗೆ ಹಿಡಿದಿದ್ದರು ಎಂದು ಬಾಯಿಬಿಟ್ಟು ಹೇಳು, ಚೀಟಿಯಲ್ಲಿ ಬರೆಸು.

ಈಗ ಅವನ ತಣ್ಣಗಿರುವಿಕೆ. ಇದರ ಬಗ್ಗೆ ಎಲ್ಲರೂ ನಿನಗೆ ಸಂತೋಷಪಡು ಅನ್ನುತ್ತಿದ್ದಾರೆ, ಅಲ್ವಾ? ಇಂಗ್ಲೆಂಡಿನ ಅಪರಾಧಶಾಸ್ತ್ರಜ್ಞೆ ಜೇನ್ ಮಾಂಕ್ಟನ್ ಸ್ಮಿತ್ ಇಂಥ 372 ಕೊಲೆಗಳನ್ನು ಓದಿ, 2019ರಲ್ಲಿ ಅವಕ್ಕೆ ಎಂಟು ಹಂತ ಇರುವುದನ್ನು ತೋರಿಸಿದರು. ಹಿಡಿತ, ಆಮೇಲೆ ಹಿಡಿತ ತಪ್ಪುವ ಒಂದು ಘಟನೆ, ಆಮೇಲೆ ಗಲಾಟೆ, ಬೇಡಿಕೆ, ಬೆದರಿಕೆ. ಹಿಡಿತ ತಪ್ಪುವ ಘಟನೆ ಅಂದರೆ ಹೆಚ್ಚಾಗಿ ಅವಳು ಬಿಟ್ಟು ಹೋಗುವುದು. ಅದಾದ ಮೇಲೆ ಯೋಚನೆಯೇ ಬದಲಾಗುವ ಒಂದು ಹಂತ ಬರುತ್ತದೆ. ಆ ಹಂತದ ನಂತರ ತಯಾರಿ. ತಲೆ ಕೆಟ್ಟು ಒಂದು ಕ್ಷಣದಲ್ಲಿ ಮಾಡಿಬಿಟ್ಟ ಅಂತ ಊರು ಹೇಳುತ್ತದೆ. ಹಿಂತಿರುಗಿ ನೋಡಿದರೆ ಎಷ್ಟೋ ಸಲ ಅದು ಒಂದು ಕ್ಷಣದ್ದಾಗಿರುವುದಿಲ್ಲ.

ನಿನ್ನ ಗಂಡ ನಿಜವಾಗಿ ಬದಲಾಗಿದ್ದಾನೋ, ಒಂದು ನಿರ್ಧಾರಕ್ಕೆ ಬಂದು ತಣ್ಣಗಾಗಿದ್ದಾನೋ, ಪತ್ರ ಓದಿ ನಾನು ಹೇಳಲಾರೆ. ನೀನೂ ಹೇಳಲಾರೆ. ಬದಲಾಗಿದ್ದರೆ ಹುಣ್ಣಿಮೆ ಕಳೆದ ಮೇಲೂ ಅವನು ಹಾಗೇ ಇರುತ್ತಾನೆ. ಕಾಯುವುದರಿಂದ ನಿನಗೆ ನಷ್ಟವಿಲ್ಲ.

ಬಳ್ಳಾರಿಯಲ್ಲಿ ನಾನು ಬೆಳೆದ ಓಣಿಯಲ್ಲಿ ಒಂದು ಮನೆ ಹೀಗೇ ಮುಗಿದುಹೋಯಿತು. ಅವಳೂ ತವರಿಗೆ ಬಂದಿದ್ದಳು. ಅವಳನ್ನೂ ಹಿರಿಯರು ‘ಒಂದು ಸಲ ಮಾತಾಡಿ ಬಾ’ ಅಂತ ಕಳಿಸಿದ್ದರು. ಆಮೇಲೆ ಓಣಿಯವರೆಲ್ಲ ‘ಭಾಳ ಪ್ರೀತಿ ಇತ್ತು, ಅಗಲಿ ಇರಲಿಕ್ಕೆ ಆಗಲಿಲ್ಲ’ ಅಂದರು. ನಾನಾಗ ಹೈಸ್ಕೂಲು ಹುಡುಗಿ, ನಂಬಿದ್ದೆ. ನಂಬಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನನ್ನ ಸಿಟ್ಟು ಜಾಸ್ತಿ ಇರುವುದು ನಿನ್ನ ಮಾವನ ಮೇಲೆ. ಗಂಡನ ಮೇಲೆ ಇರುವುದಕ್ಕಿಂತಲೂ ಜಾಸ್ತಿ. ‘ಗಂಡಸು ಸಾಯ್ತೀನಿ ಅಂದ್ರೆ ಅಷ್ಟು ಪ್ರೀತಿ ಅದ ಅಂತ ಅರ್ಥ’ ಅಂದರಂತೆ. ಮಗ ಸಾಯುವ ಮಾತಾಡುತ್ತಿದ್ದಾನೆ ಅಂತ ಗೊತ್ತಿದ್ದೂ ಈ ಅಪ್ಪ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಲ್ಲ. ಔಷಧಿಗೆ ಬದಲಾಗಿ ಸೊಸೆಯನ್ನು ಕಳಿಸಲು ಹೊರಟಿದ್ದಾರೆ, ಜೊತೆಗೆ ಎರಡು ಮೊಮ್ಮಕ್ಕಳನ್ನು. ಮಾವನವರೇ, ನೀವು ಇದನ್ನು ಓದುತ್ತಿದ್ದರೆ ಕೇಳಿ. ಅವಳು ನಿಮ್ಮ ತಂಗಿಯ ಮಗಳು. ನೀವೇ ಎತ್ತಿ ಆಡಿಸಿದವಳು. ಮರ್ಯಾದೆ ಉಳಿಸುವ ಕೆಲಸ ಆಮೇಲೆ ಮಾಡೋಣ, ಮೊದಲು ನಾಲ್ಕು ಜೀವ ಉಳಿಸಿ. ನಾಲ್ಕರಲ್ಲಿ ನಿಮ್ಮ ಮಗನದೂ ಒಂದು.

ನಿಮ್ಮ ಮಗನಿಗೆ ಚಿಕಿತ್ಸೆ ಬೇಕು. ಸಾಲ, ಸೋಲು, ನಿದ್ದೆಯಿಲ್ಲದ ರಾತ್ರಿ, ಇವು ಅವನನ್ನು ಅರೆದು ಹಾಕಿವೆ, ಅದು ನನಗೂ ಕಾಣುತ್ತದೆ. ನಮ್ಮ ಕಡೆ ಇದಕ್ಕೆ ದಾರಿ ಇಲ್ಲ ಅನ್ನಬೇಡಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಾವೇ ದೇಶಕ್ಕೆ ತೋರಿಸಿಕೊಟ್ಟ ದಾರಿ ಅದು. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾಳೆ ಬೆಳಿಗ್ಗೆ ರಾಯಚೂರಿನ ದೊಡ್ಡಾಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಮನೆಯಲ್ಲಿರುವ, ಬೆಳೆಗೆ ಹೊಡೆಯುವ ಕೀಟನಾಶಕದ ಎಣ್ಣೆ ಡಬ್ಬಿಗಳನ್ನೆಲ್ಲ ಬೇರೆಯವರ ಮನೆಗೆ ಸಾಗಿಸಿ. ರಾತ್ರಿ ಅವನೊಬ್ಬನನ್ನೇ ಬಿಡಬೇಡಿ. ಈ ಕೆಲಸ ಅಪ್ಪನದು, ಅಣ್ಣತಮ್ಮಂದಿರದು. ಹೆಂಡತಿಯದಲ್ಲ.

ತಂಗಿ, ನಿನಗೆ ನಾನು ಹೇಳುವುದು ಒಂದೇ. ಅವನನ್ನು ಒಬ್ಬಳೇ ಭೇಟಿಯಾಗಬೇಡ. ಹುಲಿಗಿಯಲ್ಲಿ ಬೇಡ, ಹೊಳೆ ದಂಡೆಯಲ್ಲಿ ಬೇಡ, ಸಾಮಾನು ತರಲು ಅಂತ ಆ ಮನೆಗೂ ಬೇಡ. ಮಕ್ಕಳನ್ನು ‘ಒಂದು ತಾಸು ನೋಡಿ ಕಳಿಸ್ತೀನಿ’ ಅಂದರೂ ಕಳಿಸಬೇಡ. ಬಿಟ್ಟು ಬಂದ ಮೊದಲ ಕೆಲವು ತಿಂಗಳೇ ತುಂಬ ಅಪಾಯದವು. ‘ಕೊನೆ ಸಲ’ ಅನ್ನುವ ಮಾತಿಗೆ ಉತ್ತರ ಕೊಡಲು ನೀನು ಎದುರಿಗೆ ಹೋಗಲೇಬೇಕು ಅಂತ ಯಾವ ದೇವರೂ ಕೇಳಿಲ್ಲ. ಹುಲಿಗೆಮ್ಮನಿಗೆ ಹರಕೆ ಇದ್ದರೆ ಮುಂದಿನ ವರ್ಷ ಅಮ್ಮನ ಜೊತೆ ಹೋಗು.

ಆಗ ಅವನು ‘ನೀನು ಬರದಿದ್ದರೆ ಸಾಯ್ತೀನಿ’ ಅನ್ನಬಹುದು. ನೀನು ಓಡಬೇಡ. 112ಕ್ಕೆ ಫೋನ್ ಮಾಡಿ ಅವನಿರುವ ಜಾಗ ಹೇಳು, ಮಾವನಿಗೂ ಹೇಳು. ಅವನ ಜೀವ ಉಳಿಸಲು ಅದೇ ಬೇಗದ ದಾರಿ. ನೀನು ಅಲ್ಲಿಗೆ ತಲುಪುವುದಲ್ಲ.

ಸೋಮವಾರ ಬೆಳಿಗ್ಗೆ ಗೆಳತಿಯ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡು. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ರಾಯಚೂರಿನ ಸಖಿ ಕೇಂದ್ರಕ್ಕೆ ದಾರಿ ತೋರಿಸುತ್ತಾರೆ. ಅಲ್ಲಿ ಸಂರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ಅವನು ನಿನ್ನ ತವರಿನ ಹತ್ತಿರ, ಮಕ್ಕಳ ಶಾಲೆಯ ಹತ್ತಿರ ಬರಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಅದನ್ನು ಮೀರಿದರೆ ಜೈಲೂ ಇದೆ. ಅಲ್ಲಿ ಕೂತಾಗ ಸಾಲದ ಕಥೆಯಿಂದ ಶುರು ಮಾಡಬೇಡ. ಕಾಗದದ ಅಂಚಿನಲ್ಲಿ ಬರೆದೆಯಲ್ಲ, ಆ ಸಾಲನ್ನೇ ಮೊದಲು ಹೇಳು, ಅವನು ಅಂದ ಹಾಗೇ, ಒಂದು ಅಕ್ಷರ ಬಿಡದೆ.

ಮಾತಾಡಿ ಬಂದ ಮೇಲೆ ಗೆಳತಿಯಿಂದ ನನಗೊಂದು ಮೆಸೇಜ್ ಹಾಕಿಸು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎಚ್ಚರವಿರುತ್ತೇನೆ.