ತಾಮ್ರದ ಚೊಂಬಿನ ನೀರು ಸೀಗಡಿಗೆ ಬೇಡ

ಪ್ರಶ್ನೆ: ನಮಸ್ತೆ ಸರ್. ಚಿಕ್ಕಮಗಳೂರಲ್ಲಿ ಕಾಫಿ ವ್ಯಾಪಾರದ ಆಫೀಸೊಂದ್ರಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಬೆಂಗಳೂರಲ್ಲಿರೋ ತಮ್ಮ ಹೋದ್ವರ್ಷ 5 ಲೀಟರ್ ಗಾಜಿನ ಜಾರಲ್ಲಿ ಹವಾಯಿಯ ಕೆಂಪು ಸೀಗಡಿ 12 ತಂದ್ಕೊಟ್ಟ, 'ಓಪಾಎ ಉಲಾ' ಅಂತಾರಂತೆ, ಜೊತೆಗೆ ಒಂದು ಪ್ಯಾಕೆಟ್ ಸಮುದ್ರದ ಉಪ್ಪು. ಜಾರನ್ನ ಆಫೀಸಲ್ಲೇ ಇಟ್ಕೊಂಡಿದೀನಿ. ನೀರು ಇಳಿದಾಗೆಲ್ಲ ತಾಮ್ರದ ಚೊಂಬಲ್ಲಿ ರಾತ್ರಿಯಿಡೀ ಇಟ್ಟ ನೀರಿಗೆ ಅದೇ ಉಪ್ಪು ಕಲಸಿ ಹಾಕ್ತಿದ್ದೆ, ತಾಮ್ರದ್ದು ಒಳ್ಳೇದಲ್ವಾ ಅಂತ. ಈಗ ಎರಡು ವಾರದಿಂದ ಬಣ್ಣ ಹೋಗಿ ಬಿಳಿಚ್ಕೊಂಡಿವೆ, ನಾಲ್ಕು ಸತ್ತಿರ್ಬೇಕು, ತಳದಲ್ಲಿ ಬೆಳ್ಳಗೆ ಬಿದ್ದಿದ್ವು. ಊಟ ಸಾಲ್ತಿಲ್ವಾ? ಫಿಲ್ಟರ್ ಹಾಕ್ಬೇಕಾ?

ಉತ್ತರ: ಮೊದ್ಲು ಆ ಚೊಂಬನ್ನ ಮನೆಗೆ ತಗೊಂಡೋಗ್ಬಿಡಿ. ನಾವು ಅಜ್ಜಿ ಕಾಲದಿಂದ ಅದ್ರಲ್ಲಿ ಕುಡೀತಾ ಬಂದಿದೀವಿ ಸರಿ, ಆದ್ರೆ ಸೀಗಡಿ ಏಡಿ ಜಾತಿಗೆ ನೀರಲ್ಲಿ ಕರಗಿದ ತಾಮ್ರ ಚೂರೇ ಇದ್ರೂ ವಿಷ. ತಮಾಷೆ ಅಂದ್ರೆ ಅವುಗಳ ರಕ್ತದಲ್ಲೇ ತಾಮ್ರ ಇದೆ, ನಮ್ಮದ್ರಲ್ಲಿ ಕಬ್ಬಿಣ ಇರೋ ಥರ, ಆದ್ರೂ ನೀರಿನಿಂದ ಜಾಸ್ತಿ ಒಳಗೆ ಹೋದ್ರೆ ತಡ್ಕೊಳಲ್ಲ. ನಿಮ್ಮೂರಲ್ಲಿ ಇನ್ನೊಂದು ಹುಷಾರು ಬೇಕು, ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೀತಾರಲ್ಲ, ಅದು ಮೈಲುತುತ್ತದ್ದೇ, ಅಂದ್ರೆ ತಾಮ್ರದ್ದೇ, ಆ ಕೆಲಸ ಮಾಡಿ ಬಂದ ಕೈ, ಆ ಬಕೆಟ್ಟು ಜಾರಿನ ಹತ್ರ ಬರಬಾರ್ದು. ಮೀನಿನ ಔಷಧಿಗಳಲ್ಲೂ ಎಷ್ಟೋ ಸಲ ತಾಮ್ರ ಇರುತ್ತೆ. ಸಂಜೆ ಸೊಳ್ಳೆಗೆ ಸ್ಪ್ರೇ ಹೊಡೆಯೋ ಆಫೀಸಾದ್ರೆ ಅದನ್ನೂ ನಿಲ್ಸಿ, ಸೊಳ್ಳೇನೂ ಸೀಗಡೀನೂ ಆ ವಿಷಕ್ಕೆ ಒಂದೇ ಲೆಕ್ಕ.

ಎರಡನೇ ತಪ್ಪು ಉಪ್ಪು. ಜಾರಿಂದ ಆವಿಯಾಗಿ ಹೋಗೋದು ಬರೀ ನೀರು, ಉಪ್ಪು ಅಲ್ಲೇ ಉಳ್ಕೊಳುತ್ತೆ, ನೀವು ಪ್ರತಿ ಸಲ ಉಪ್ಪು ನೀರೇ ಹಾಕಿದ್ರೆ ಒಂದು ವರ್ಷಕ್ಕೆ ಸಾರಿಗೆ ಮೇಲಿಂದ ಮೇಲೆ ಉಪ್ಪು ಹಾಕ್ದಂಗೆ ಆಯ್ತು. ಇಳಿದಷ್ಟು ಸಪ್ಪೆ ನೀರು ಹಾಕ್ಬೇಕು, ಆರ್‌ಓ ನೀರಾದ್ರೆ ಒಳ್ಳೇದು. ಆದ್ರೂ ನನ್ನ ಅನುಮಾನ ಜಾಸ್ತಿ ಚೊಂಬಿನ ಮೇಲೇನೇ, ಯಾಕಂದ್ರೆ ಇವು ಹವಾಯಿಯಲ್ಲಿ ಲಾವಾ ಬಂಡೆಗಳ ನಡುವಿನ ಹೊಂಡಗಳಲ್ಲಿ ಇರ್ತವೆ, ಒಳಗೊಳಗೇ ಸಮುದ್ರದ ನೀರೂ ಬರುತ್ತೆ ನೆಲದ ಸಿಹಿನೀರೂ ಬರುತ್ತೆ, ಉಪ್ಪು ಏರಿಳಿಯೋದು ಅವಕ್ಕೆ ಅಭ್ಯಾಸ.

ಈಗ ಮಾಡೋದು ಇಷ್ಟು: 1 ಲೀಟರ್ ಆರ್‌ಓ ನೀರಿಗೆ ಸುಮಾರು 18 ಗ್ರಾಂ ಮರೈನ್ ಸಾಲ್ಟ್ (ಸಮುದ್ರದ ಮೀನು ಸಾಕೋರು ಬಳಸೋ ಉಪ್ಪು), ಅಂದ್ರೆ ಸಮುದ್ರದ ಅರ್ಧದಷ್ಟು, ಪ್ಲಾಸ್ಟಿಕ್ ಡಬ್ಬದಲ್ಲಿ ಕಲಸಿ ಒಂದು ದಿನ ಇಡಿ. ಅಡುಗೆ ಉಪ್ಪು ಆಗಲ್ಲ, ಅದ್ರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲಿಂದ ಬರ್ಬೇಕು. ನಾಲ್ಕೈದು ದಿನಕ್ಕೊಂದ್ಸಲ ಜಾರಿಂದ 1 ಲೀಟರ್ ತೆಗ್ದು ಇದನ್ನ ಹಾಕ್ತಾ ಬನ್ನಿ, ಒಂದೇ ದಿನ ಪೂರ್ತಿ ಬದಲಾಯಿಸ್ಬೇಡಿ. ನೀರಿನ ಉಪ್ಪಿನಂಶ ಅಳೆಯೋ ಹೈಡ್ರೋಮೀಟರ್ ಸಿಕ್ರೆ 1.010ರಿಂದ 1.014ರೊಳಗೆ ಇದ್ರೆ ಸಾಕು.

ಸತ್ವು ಅಂದ್ರಲ್ಲ, ಇನ್ನೊಂದ್ಸಲ ಎಣಿಸಿದೀರಾ? ಸೀಗಡಿ ಬೆಳೀಬೇಕಾದ್ರೆ ಪೊರೆ ಬಿಡುತ್ತೆ, ಕಾಲು ಮೀಸೆ ಸಮೇತ ಗಾಜಿನ ಥರ ಟೊಳ್ಳು ಚಿಪ್ಪು, ನೋಡಿದ್ರೆ ಹೆಣಾನೇ ಅನ್ಸುತ್ತೆ. ಅದನ್ನ ತೆಗೀಬೇಡಿ, ಅವೇ ತಿಂತವೆ. ಬಣ್ಣದ ವಿಷ್ಯಕ್ಕೆ ಬಂದ್ರೆ, ಹೆದರಿದಾಗ, ಜಾಗ ಬದಲಾದಾಗ, ರಾತ್ರಿ ಹೊತ್ತು ಕೂಡ ಬಿಳಿಚ್ಕೋತವೆ, ಒಂದು ದಿನ ಬಿಳಿ ಆದ್ರೆ ಗಾಬರಿ ಬೇಡ, ನಿಮ್ಮಲ್ಲಿ ಎರಡು ವಾರ ಆಗಿರೋದ್ರಿಂದ ಇಷ್ಟೆಲ್ಲ ಹೇಳ್ತಿದೀನಿ.

ಊಟ ಸಾಲ್ತಿಲ್ಲ ಅನ್ನೋದಂತೂ ಅಲ್ಲ. ಕಲ್ಲಿನ ಮೇಲಿನ ಪಾಚಿ ಸಾಕು, ಬೇಕಿದ್ರೆ ಹದಿನೈದು ದಿನಕ್ಕೆ ಸೂಜಿ ತುದಿಯಷ್ಟು ಸ್ಪಿರುಲಿನಾ ಅನ್ನೋ ಪಾಚಿಯ ಪುಡಿ. ಫಿಲ್ಟರೂ ಬೇಡ. ಕರೆಂಟ್ ಹೋದ್ರೆ ಏನು ಗತಿ ಅನ್ನೋ ಚಿಂತೆ ಇಲ್ದಿರೋ ಸಾಕುಪ್ರಾಣಿ ಇದು, ಚೆನ್ನಾಗಿ ನೋಡ್ಕೊಂಡ್ರೆ ಹತ್ತು ವರ್ಷದ ಮೇಲೂ ಬದುಕುತ್ತೆ.

ಪ್ರಶ್ನೆ: ಹಾಸನದಿಂದ ಬರೀತಿದೀನಿ. ನಮ್ಮನೆ ಬೋರ್‌ವೆಲ್ ನೀರು ಸವಳು. ಹೇಮಾವತಿಯಿಂದ ಸಣ್ಣ ಸೀಗಡಿ ಹಿಡ್ದು ಈ ನೀರಲ್ಲಿ ಸಾಕಬಹುದಾ, ಉಪ್ಪು ಹಾಕೋ ಖರ್ಚಿಲ್ವಲ್ಲ?

ಉತ್ತರ: ನಾವು ಸವಳು ಅನ್ನೋದು ಬೇಳೆ ಬೇಯದ ನೀರಿಗೆ, ಸುಣ್ಣದಂಶ ಜಾಸ್ತಿ ಅಷ್ಟೇ. ಮಂಗಳೂರಿನ ಅಳಿವೆಯಲ್ಲಿ ಹೊಳೆ ಸಮುದ್ರ ಸೇರೋ ಕಡೆಯ ಉಪ್ಪುನೀರೇ ಬೇರೆ, ಎರಡೂ ಒಂದೇ ಅಲ್ಲ. ಹೊಳೆ ಸೀಗಡಿಗೆ ಉಪ್ಪೇ ಬೇಡ, ಹೊಳೆ ನೀರೇ ಒಂದು ಬಕೆಟ್ ತಂದು ಶುರು ಮಾಡಿ, ಆಮೇಲೆ ನಿಮ್ಮ ಬೋರಿನ ನೀರು ದಿನಕ್ಕೊಂದು ಲೋಟ ಸೇರಿಸ್ತಾ ಬನ್ನಿ. ಆದ್ರೆ ಹರಿಯೋ ನೀರಿನದ್ದು ಅದು, ಏರ್ ಪಂಪ್ ಇಲ್ದೆ ಜಾರಲ್ಲಿ ನಿಲ್ಲಲ್ಲ.