ಮೈಸೂರಿನಿಂದ ಕಾಸರಗೋಡಿನ ತೋಟದ ಮನೆಗೆ ಸಾಮಾನು ಸಾಗಿಸಲು ಪ್ಯಾಕರ್ಸ್‌ನವರು ಅಗ್ಗವೋ, ಬರಿಯ ಲಾರಿ ಅಗ್ಗವೋ?

ಮೇ ತಿಂಗಳ ಕೊನೆಯ ವಾರ, ಮೈಸೂರಿನ ಬಾಡಿಗೆ ಮನೆ ಬಿಟ್ಟು ಊರಿನ ತೋಟದ ಮನೆಗೆ ಮರಳುವ ಸಿದ್ಧತೆ, ಕಿಲೋಮೀಟರಿಗೆ ಇಷ್ಟು ಎಂಬ ಲೆಕ್ಕ: ನಿಮ್ಮ ಪ್ರಶ್ನೆಯಲ್ಲಿ 2019ರ ನನ್ನನ್ನೇ ಕಂಡೆ. ನಾನು ಆಗ ಲಾರಿಯನ್ನು ಆರಿಸಿಕೊಂಡಿದ್ದೆ. ಅದರಿಂದ ಕೆಟ್ಟೆನೆಂದು ಹೇಳಲಾರೆ. ಪ್ಯಾಕರ್ಸ್‌ನವರನ್ನು ಕರೆದಿದ್ದರೂ ಕೆಡುತ್ತಿದ್ದೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಸಮೀಪದಲ್ಲಿದೆ. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು ದಾರಿಯಾಗಿ ಸುಮಾರು 200 ಕಿಲೋಮೀಟರ್. ಹಿಂದಿನ ವರ್ಷದ, ಅಂದರೆ 2018ರ ಆಗಸ್ಟಿನ ಮಳೆಗೆ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿದ್ದುದರಿಂದ ನನ್ನ ಆತಂಕವೆಲ್ಲ ಘಾಟಿಯ ಮೇಲಿತ್ತು. ಚಾಲಕನಿಗೆ ಹತ್ತು ಸಲ ಘಾಟಿಯ ವಿಷಯವನ್ನೇ ಹೇಳಿದೆ. ಲಾರಿ ಘಾಟಿಯನ್ನು ಯಾವ ತೊಂದರೆಯೂ ಇಲ್ಲದೆ ಇಳಿದು, ಜಾಲ್ಸೂರು ದಾಟಿ, ಸಂಜೆ ನಾಲ್ಕೂವರೆಗೆ ನಮ್ಮ ಮನೆಯ ದಾರಿ ಕವಲೊಡೆಯುವಲ್ಲಿಗೆ ಬಂದು ನಿಂತಿತು. ಅಲ್ಲಿಂದ ಅಂಗಳಕ್ಕೆ 450 ಮೀಟರ್.

ತಪ್ಪು ನಡೆದದ್ದು ಇದಕ್ಕೆ ಎರಡು ವಾರ ಮೊದಲು, ಫೋನಿನಲ್ಲಿ. ತೋಟ ನೋಡಿಕೊಳ್ಳುತ್ತಿದ್ದ ಅಪ್ಪಚ್ಚಿಯನ್ನು, ಎಂದರೆ ನನ್ನ ಚಿಕ್ಕಪ್ಪನನ್ನು, "ಅಂಗಳಕ್ಕೆ ಲಾರಿ ಬರುತ್ತದಲ್ಲವೇ?" ಎಂದು ಕೇಳಿದ್ದೆ. "ಬರುತ್ತದೆ, ಪ್ರತಿವರ್ಷ ಅಡಕೆ ಕೊಂಡುಹೋಗಲು ಬರುವುದಿಲ್ಲವೇ?" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅಡಕೆ ಒಯ್ಯಲು ಬರುತ್ತಿದ್ದುದು ಪಿಕಪ್. ಹಿಂಭಾಗದಲ್ಲಿ ಸಾಮಾನು ತುಂಬುವ ವಾಹನವೆಲ್ಲ ಅವರ ಬಾಯಲ್ಲಿ ಲಾರಿಯೇ. ನಾನು ಗೊತ್ತುಮಾಡಿದ್ದುದು 17 ಅಡಿ ಉದ್ದದ, ಮೇಲೆ ಮುಚ್ಚಿಗೆಯಿದ್ದ ಲಾರಿ. "ಎಷ್ಟು ಉದ್ದದ್ದು, ಎಷ್ಟು ಎತ್ತರದ್ದು" ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಆ ದಾರಿಯಲ್ಲಿ ಬಾಲ್ಯವಿಡೀ ನಡೆದಿದ್ದೇನೆ, ಸ್ಕೂಟರಿನಲ್ಲಿ ಹೋಗಿದ್ದೇನೆ, ಕಾರಿನಲ್ಲಿಯೂ ಹೋಗಿದ್ದೇನೆ. ಆದುದರಿಂದ ದಾರಿ ಗೊತ್ತಿದೆಯೆಂದು ನಂಬಿದ್ದೆ. ಲಾರಿಯ ಕಣ್ಣಿನಿಂದ ಅದನ್ನು ಒಮ್ಮೆಯೂ ನೋಡಿರಲಿಲ್ಲ. ತೋಡಿಗೆ (ಸಣ್ಣ ಹಳ್ಳಕ್ಕೆ) ಹಾಕಿದ ಮೋರಿಯ, ಎಂದರೆ ಕಿರುಸೇತುವೆಯ, ಅಗಲ ಕಾರಿಗೆ ಸಾಕು. ಅದನ್ನು ದಾಟಿದೊಡನೆ ಬಲಕ್ಕೆ ತಿರುವು, ತಿರುವಿನ ಒಳಮೈಗೆ ಪಕ್ಕದ ಮನೆಯವರ ಮುರಕಲ್ಲಿನ (ಕೆಂಪುಕಲ್ಲಿನ) ಪಾಗಾರದ ಗೋಡೆ, ಅದರ ಮೇಲೆ ತಗ್ಗಾಗಿ ಜೋತುಬಿದ್ದ ವಿದ್ಯುತ್ ತಂತಿ. ಚಾಲಕ ಇಳಿದು, ನಡೆದುಹೋಗಿ ನೋಡಿ, ತಿರುಗಿ ಬಂದು, "ಇದಕ್ಕೆ ಇಳಿಸಿದರೆ ಮೇಲೆ ಬರುವುದಿಲ್ಲ ಸಾರ್" ಎಂದ. ಆಗಲೇ ಮೋಡ ಕಟ್ಟಿತ್ತು.

ಲಾರಿಗೆ ಒಪ್ಪಿಕೊಂಡ ಬಾಡಿಗೆ 18,000 ರೂಪಾಯಿ. ಆ 450 ಮೀಟರಿಗೆ ತಗಲಿದ್ದು ಹೀಗೆ: ಪಿಕಪ್ ನಾಲ್ಕು ಸರ್ತಿ ಓಡಿದ್ದಕ್ಕೆ 4,800, ಲಾರಿಯಿಂದ ಇಳಿಸಿ ಪಿಕಪ್ಪಿಗೆ ತುಂಬಿ ಪುನಃ ಮನೆಯಲ್ಲಿ ಇಳಿಸಿದ ಲೋಡಿಂಗಿನವರಿಗೆ 6,500, ರಾತ್ರಿ ಲಾರಿ ಕಾದದ್ದಕ್ಕೆ 2,500, ಒಟ್ಟು 13,800. ಎರಡು ಹಾಸಿಗೆ ಮತ್ತು ಐದು ಪೆಟ್ಟಿಗೆ ಪುಸ್ತಕ ಮಳೆಯಲ್ಲಿ ನೆನೆದದ್ದು ಈ ಲೆಕ್ಕಕ್ಕೆ ಸೇರಿಲ್ಲ. ಕೇರಳದ ಲೋಡಿಂಗಿನವರ ಬಗ್ಗೆ ಮೈಸೂರಿನಲ್ಲಿ ನಿಮ್ಮನ್ನು ಹೆದರಿಸುವವರು ಸಿಗುತ್ತಾರೆ. ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಅಲ್ಲಿನ ಸರಕಾರ 2018ರ ಮೇ 1ರಿಂದಲೇ ನಿಷೇಧಿಸಿದೆ. ನಮ್ಮಲ್ಲಿಗೆ ಬಂದವರು ಮಳೆಯಲ್ಲಿ ನೆನೆದು ದುಡಿದು ಕೂಲಿ ಪಡೆದರು. ಅವರನ್ನು ದೂರಲು ನನಗೆ ಬಾಯಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ನನ್ನ ಅಭಿಪ್ರಾಯ. ಖರ್ಚು ಇರುವುದು ನಡುವಿನ 200 ಕಿಲೋಮೀಟರಿನಲ್ಲಿ ಅಲ್ಲ, ಎರಡು ತುದಿಗಳಲ್ಲಿ. ಯಾರಿಗೂ ಮುಂಗಡ ಕೊಡುವ ಮೊದಲು ಒಮ್ಮೆ ಊರಿಗೆ ಹೋಗಿ, ಟೇಪು ಹಿಡಿದು ಮೋರಿಯ ಅಗಲ, ತಿರುವಿನ ಅಗಲ, ನೆಲದಿಂದ ತಂತಿಗಿರುವ ಎತ್ತರ, ಕೊನೆಗೆ ಮನೆಯ ಹೆಬ್ಬಾಗಿಲಿನ ಅಗಲ, ಇಷ್ಟನ್ನು ಅಳೆಯಿರಿ. ಬಸ್ಸಿನ ಖರ್ಚು ಉಳಿಸಲೆಂದು ಫೋನಿನಲ್ಲಿ ವಿಚಾರಿಸಬೇಡಿ. ದೊಡ್ಡ ಲಾರಿ ಒಂದರ ಬದಲು ಪಿಕಪ್ ಎರಡು ಬೇಕಾದೀತು. ಕಾಗದದ ಮೇಲೆ ಅದು ದುಬಾರಿಯಾಗಿ ಕಂಡರೂ ಅಂಗಳಕ್ಕೆ ನೇರವಾಗಿ ತಲಪುತ್ತದೆ. ಪ್ಯಾಕರ್ಸ್‌ನವರನ್ನೇ ಗೊತ್ತುಮಾಡುವುದಾದರೆ, ಅವರು ಕೊಟ್ಟ ದರ ಅಂಗಳದವರೆಗೋ ಲಾರಿ ನಿಲ್ಲುವಲ್ಲಿಯವರೆಗೋ ಎಂಬುದನ್ನು ಬರೆಯಿಸಿಕೊಳ್ಳಿ, ಜಿಎಸ್‌ಟಿ ಅದರಲ್ಲಿ ಸೇರಿದೆಯೋ ಎಂದೂ ಕೇಳಿ.

ದಿನವನ್ನೂ ಬದಲಾಯಿಸಿ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಅದಕ್ಕೂ ಮೊದಲೇ ಸಂಜೆಯ ಗುಡುಗುಮಳೆ ತಪ್ಪಿದ್ದಲ್ಲ. ಮೈಸೂರಿನ ಮಳೆಯನ್ನು ನೋಡಿ ಟಾರ್ಪಾಲು ಒಂದು ಸಾಕೆಂದುಕೊಳ್ಳಬೇಡಿ. ಏಪ್ರಿಲಿನಲ್ಲಿ ಹೊರಟರೆ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ.

ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಕಪಾಟುಗಳಿದ್ದರೆ ಮೈಸೂರಿನಲ್ಲಿಯೇ ಮಾರಿಬಿಡಿ. ಒಮ್ಮೆ ಬಿಚ್ಚಿದರೆ ಅವುಗಳ ಸ್ಕ್ರೂ ಪುನಃ ಹಿಡಿಯುವುದಿಲ್ಲ. ನಮ್ಮ ಕಡೆಯ ತೇವಕ್ಕೆ ಒಂದು ಮಳೆಗಾಲದೊಳಗೆ ಉಬ್ಬುತ್ತವೆ. ನಮ್ಮದನ್ನು ಬಾಗಿಲಿನಲ್ಲಿ ತೂರಿಸಲಾಗದೆ ಜಗಲಿಯಲ್ಲಿಟ್ಟಿದ್ದೆವು, ಆಟಿ ತಿಂಗಳ (ಜುಲೈ–ಆಗಸ್ಟಿನ) ಹೊತ್ತಿಗೆ ಹಿಂದಿನ ಹಲಗೆ ಕಳಚಿಬಿತ್ತು.

ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಮೈಸೂರಿನ ವಿತರಕರಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಕೊನೆಗೊಳಿಸಿದ ಚೀಟಿ) ಪಡೆದರೆ ಠೇವಣಿ ಮರಳುತ್ತದೆ, ಊರಿನಲ್ಲಿ ಅದೇ ಕಾಗದದಿಂದ ಹೊಸ ಠೇವಣಿ ಕಟ್ಟಿ ಸಂಪರ್ಕ ಪಡೆಯಬಹುದು. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್, ಎಂದರೆ ಜಿಎಸ್‌ಟಿಯಡಿ ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ರಹದಾರಿ, ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿಯೊಂದಕ್ಕೆ ಸಹಿ ಹಾಕಿ ಚಾಲಕನ ಕೈಗೆ ಕೊಡಿ. ನಿಮ್ಮ ಬಜೆಟ್ಟಿನಲ್ಲಿ ನನಗೆ ಕಾಣದ ಬಾಬತ್ತೆಂದರೆ ವಾಹನ. ಕರ್ನಾಟಕದಲ್ಲಿ ನೋಂದಾಯಿಸಿದ ಬೈಕಾಗಲಿ ಕಾರಾಗಲಿ ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವುದಾದರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು, ಅದಕ್ಕೆ ಮೊದಲು ಮೈಸೂರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕೇರಳದ ರಸ್ತೆ ತೆರಿಗೆ ಕಟ್ಟಬೇಕು. ಮೈಸೂರಿನಲ್ಲಿರುವಾಗಲೇ ಆ ಪತ್ರಕ್ಕೆ ಅರ್ಜಿ ಹಾಕಿದರೆ ಮತ್ತೊಮ್ಮೆ ಘಾಟಿ ಹತ್ತುವುದು ತಪ್ಪುತ್ತದೆ.

ಮೋರಿ ಮತ್ತು ತಿರುವಿನ ಅಳತೆ ಸಿಕ್ಕಿದ ಮೇಲೆ ಇಲ್ಲಿಯೇ ಬರೆಯಿರಿ. ಎಷ್ಟು ಅಡಿಯ ಗಾಡಿ ಒಳಗೆ ಬಂದೀತೆಂದು ಹೇಳುತ್ತೇನೆ.